ಕುಂಟುವ ಕುದುರೆಗಾಗಿ ಕಾಯುವವರು ಯಾರು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಬಸ್ಸಲ್ಲಿ ಕಂಬಿ ಹಿಡಿದು ನಿಂತು ಕೇಳ್ತಾ ಇರೋರಿಗೆ, ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ಗೆ ಸಿಕ್ಕಿಕೊಂಡು ಕೇಳ್ತಾ ಇರೋರಿಗೆ, ಸ್ವಾಗತ.

ಇವತ್ತು ಒಂದು ಪದದಿಂದ ಶುರು ಮಾಡೋಣ. ನಾಗಾಲೋಟ. ಷೇರುಪೇಟೆ ಏರಿದರೆ, ಚಿನ್ನದ ಬೆಲೆ ಏರಿದರೆ ಪೇಪರ್‌ನವರು ಬಳಸೋ ಪದ. ಬಿಡಿಸಿ ನೋಡಿ: ನಾಲ್ಕು, ಕಾಲು, ಓಟ. ನಾಲ್ಕೂ ಕಾಲು ಎತ್ತಿ ಓಡೋ ಓಟ, ಅಂದ್ರೆ ಕುದುರೆಯ ಓಟ. ಹಾಗಾದ್ರೆ ಆ ನಾಲ್ಕು ಕಾಲಲ್ಲಿ ಒಂದು ಕಾಲು ಕೈಕೊಟ್ಟರೆ ಏನಾಗುತ್ತೆ?

ಸಿನಿಮಾದಲ್ಲಿ ನೋಡಿರ್ತೀರಿ. ಕುದುರೆ ಬೀಳುತ್ತೆ, ಸವಾರ ಕಣ್ಣೀರು ಹಾಕ್ತಾನೆ, ಆಮೇಲೆ ಒಂದು ಗುಂಡಿನ ಸದ್ದು. ಅಲ್ಲಿಗೆ ಕಥೆ ಮುಗೀತು. ಆದರೆ ಗಾಯಗೊಂಡ ಪ್ರತಿ ಕುದುರೆಯ ಕಥೆಯೂ ಹಾಗೆ ಮುಗಿಯಲ್ಲ. ಕೆಲವು ಕುದುರೆಗಳು ತಿಂಗಳುಗಟ್ಟಲೆ ಲಾಯದಲ್ಲಿ ನಿಂತು, ಒಂದೊಂದೇ ಹೆಜ್ಜೆ ಇಟ್ಟು ಎದ್ದು ಬಂದಿವೆ. ಬೇರೆ ಕುದುರೆಗಳಿಗೆ ಆ ಅವಕಾಶವೇ ಸಿಗಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಬರೀ ಔಷಧಿನಾ, ಬೇರೆ ಏನಾದ್ರೂ ಇದೆಯಾ? ಉತ್ತರ ಹುಡುಕೋಕೆ ಬಹಳ ದೂರ ಹೋಗಬೇಕಿಲ್ಲ. ಜೆ.ಸಿ. ನಗರ, ಹೆಬ್ಬಾಳ, ಯಲಹಂಕ. ಒಂದೇ ದಿಕ್ಕಿನ ರಸ್ತೆಯಲ್ಲಿ ಇಡೀ ಕಥೆ ಇದೆ.

ಮೊದಲು ಕುದುರೆಯ ಕಾಲು ಅಂದ್ರೆ ಏನು ಅಂತ ನೋಡೋಣ. ನಿಮ್ಮ ಕೈಯನ್ನು ಮೇಜಿನ ಮೇಲೆ ಊರಿ. ಈಗ ಅಂಗೈ ಎತ್ತಿ, ನಡುಬೆರಳಿನ ತುದಿ ಒಂದರ ಮೇಲೇ ನಿಲ್ಲೋಕೆ ಪ್ರಯತ್ನಿಸಿ. ಕುದುರೆ ನಿಂತಿರೋದು ಹಾಗೆ! ಅದರ ಗೊರಸು ಅಂದ್ರೆ ನಮ್ಮ ನಡುಬೆರಳಿನ ಉಗುರು. ಮುಂಗಾಲಿನ ‘ಮಂಡಿ’ ಅಂತ ನಾವು ಕರೆಯೋದು ಅದರ ಮಣಿಕಟ್ಟು. ಆ ಮಂಡಿಯ ಕೆಳಗೆ ಮಾಂಸಖಂಡ ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮೂಳೆ, ಚರ್ಮ, ನಡುವೆ ಹಗ್ಗದ ಹಾಗೆ ಬಿಗಿದಿರೋ ಸ್ನಾಯುರಜ್ಜುಗಳು, ಅಷ್ಟೇ. ಇದರ ಮೇಲೆ ನಾನೂರೈವತ್ತು, ಐನೂರು ಕೆಜಿ ಮೈಭಾರ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಭಾರ ಮುಂದಿನ ಎರಡು ಕಾಲುಗಳ ಮೇಲೆ.

ಸ್ನಾಯುರಜ್ಜುವಿಗೆ ರಕ್ತ ಹರಿಯೋದು ಕಮ್ಮಿ. ಹಾಗಾಗಿ ಅದು ಹರಿದರೆ ಮಾಯೋದು ನಿಧಾನ. ಮಾಯ್ದ ಜಾಗದಲ್ಲಿ ಬೆಳೆಯೋ ಗಾಯದ ನಾರು ಮೊದಲಿನಷ್ಟು ಹಿಗ್ಗಲ್ಲ. ಅವಸರ ಮಾಡಿ ಓಡಿಸಿದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತೆ. ವೈದ್ಯರು ಸಾಮಾನ್ಯವಾಗಿ ಹೇಳೋ ಲೆಕ್ಕ ಒಂಬತ್ತು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ನಮಗೆ ಕಾಲು ಮುರಿದರೆ ಹಾಸಿಗೆ ಮೇಲೆ ಮಲಗಿ ವೆಬ್ ಸೀರೀಸ್ ನೋಡ್ತೀವಿ. ಕುದುರೆಗೆ ಆ ಭಾಗ್ಯ ಇಲ್ಲ. ಗಂಟೆಗಟ್ಟಲೆ ಮಲಗಿಯೇ ಇದ್ದರೆ ಅದರ ಮೈಭಾರವೇ ಅದರ ಶ್ವಾಸಕೋಶವನ್ನೂ ಮಾಂಸಖಂಡವನ್ನೂ ಒತ್ತುತ್ತೆ. ಅದು ಎದ್ದು ನಿಲ್ಲಲೇಬೇಕು. ನಿಂತರೆ ನೋಯೋ ಕಾಲಿನ ಭಾರವನ್ನು ಪಕ್ಕದ ಕಾಲು ಹೊರಬೇಕು. ಹೆಚ್ಚು ದಿನ ಹೊತ್ತರೆ ಆ ಒಳ್ಳೆಯ ಕಾಲಿನ ಗೊರಸಿನ ಒಳಗೆ ಎಲುಬನ್ನು ಹಿಡಿದಿಟ್ಟಿರೋ ಪದರ ಸಡಿಲ ಆಗುತ್ತೆ. ಇದಕ್ಕೆ ಲ್ಯಾಮಿನೈಟಿಸ್ ಅಂತಾರೆ. ಎಷ್ಟೋ ಕುದುರೆಗಳನ್ನು ಕೊಂದಿರೋದು ಮುರಿದ ಕಾಲು ಅಲ್ಲ, ಅದರ ಭಾರ ಹೊತ್ತ ಇನ್ನೊಂದು ಕಾಲು.

ಇಷ್ಟು ಗೊತ್ತಾದ ಮೇಲೆ ಇತಿಹಾಸಕ್ಕೆ ಹೋಗೋಣ.

ಪ್ರಾಣಿವೈದ್ಯ ಕನ್ನಡಕ್ಕೆ ಹೊಸದಲ್ಲ. ಸುಮಾರು 1100ರಲ್ಲೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳ ಚಿಕಿತ್ಸೆಯ ಮೇಲೆ ‘ಗೋವೈದ್ಯ’ ಬರೆದ. ಆಮೇಲೆ ಅಭಿನವಚಂದ್ರ ಕುದುರೆಗಳ ವೈದ್ಯದ ಮೇಲೆ ಕನ್ನಡದಲ್ಲಿ ಗ್ರಂಥ ಬರೆದ. ಸಂಸ್ಕೃತದಲ್ಲಿ ಕುದುರೆ ವೈದ್ಯಕ್ಕೆ ಮೂಲಪುರುಷ ಅಂದ್ರೆ ಶಾಲಿಹೋತ್ರ. ಆ ಹೆಸರೇ ಸವೆದು ಸವೆದು ಹಿಂದೂಸ್ತಾನಿಯಲ್ಲಿ ಕುದುರೆ ಡಾಕ್ಟರಿಗೆ ‘ಸಾಲೋತ್ರಿ’ ಅನ್ನೋ ಪದ ಆಯ್ತು. ಯಾಕೆ ಇಷ್ಟೊಂದು ಮುತುವರ್ಜಿ? ಕುದುರೆ ಅಂದ್ರೆ ದುಬಾರಿ ಮಾಲು. ವಿಜಯನಗರದ ಕಾಲದಲ್ಲಿ ಒಳ್ಳೆಯ ಕುದುರೆಗಳು ಅರಬ್ಬೀ ಸಮುದ್ರ ದಾಟಿ ಹೋರ್ಮುಜ್‌ನಿಂದ ಬರ್ತಿದ್ದವು. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ರಾಜ ದುಡ್ಡು ಕೊಡ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬಾಲಕ್ಕೇ ದುಡ್ಡು ಅಂದ್ಮೇಲೆ ಜೀವಂತ ಕುದುರೆಯ ಕಾಲಿಗೆ ಎಷ್ಟು ಬೆಲೆ, ನೀವೇ ಯೋಚಿಸಿ.

ಇನ್ನು ಹಳೇ ಕಾಲದ ಒಂದು ಚಿಕಿತ್ಸೆ ಇದೆ. ಹಳ್ಳಿ ಕಡೆಯವರಿಗೆ ಗೊತ್ತಿರುತ್ತೆ: ಬರೆ ಹಾಕೋದು. ಕಾಯಿಸಿದ ಕಬ್ಬಿಣದಿಂದ ನೋವಿರೋ ಜಾಗ ಸುಡೋದು. ಇದು ನಮ್ಮ ಹಳ್ಳಿಗಳ ‘ಮೂಢನಂಬಿಕೆ’ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಶ್ರೀಮಂತ ರೇಸ್ ಲಾಯಗಳಲ್ಲಿ, ಓದಿದ ಡಾಕ್ಟರುಗಳೇ ಇಪ್ಪತ್ತನೇ ಶತಮಾನದ ಕೊನೆಯವರೆಗೂ ಇದನ್ನು ಮಾಡ್ತಿದ್ದರು. ಬರೆ ಹಾಕಿಸಿಕೊಂಡ ಕುದುರೆ ಗುಣ ಆಗ್ತಿತ್ತು ಕೂಡ! ಆದರೆ 1983ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿ ನೋಡಿದಾಗ, ಬರೆಯಿಂದ ಸ್ನಾಯುರಜ್ಜುವಿಗೆ ಏನೂ ಪ್ರಯೋಜನ ಇಲ್ಲ ಅಂತ ತೋರಿಬಂತು. ಹಾಗಾದ್ರೆ ಕುದುರೆ ಗುಣ ಆಗ್ತಿದ್ದದ್ದು ಹೇಗೆ? ಬರೆ ಹಾಕಿದ ಮೇಲೆ ಸುಟ್ಟ ಗಾಯ ಮಾಯೋವರೆಗೆ, ಅಂದ್ರೆ ತಿಂಗಳುಗಟ್ಟಲೆ, ಕುದುರೆಗೆ ರಜೆ ಕೊಡಲೇಬೇಕಿತ್ತು. ಗುಣ ಮಾಡಿದ್ದು ಆ ರಜೆ. ಬೆಂಕಿ ಸುಮ್ಮನೆ ನೆಪ.

ಈ ಮಾತು ನೆನಪಲ್ಲಿಡಿ, ಇಡೀ ಕಂತಿನ ತಿರುಳು ಇದೇ. ಕುದುರೆಯ ಕಾಲಿಗೆ ದೊಡ್ಡ ಔಷಧಿ ಸಮಯ. ಆದರೆ ಸಮಯ ಪುಕ್ಕಟೆ ಸಿಗಲ್ಲ. ಆ ಅಷ್ಟೂ ದಿನ ಹುಲ್ಲು, ಹುರುಳಿ, ನೋಡಿಕೊಳ್ಳೋ ಆಳು, ಲಾಯ, ಎಲ್ಲದಕ್ಕೂ ಯಾರಾದರೂ ದುಡ್ಡು ಕೊಡಬೇಕು. ಕುದುರೆಯಿಂದ ಬರೋ ಆದಾಯ ಮಾತ್ರ ಸೊನ್ನೆ. ಹಾಗಾಗಿ ಇತಿಹಾಸದಲ್ಲಿ ಪ್ರಶ್ನೆ ‘ಈ ಕಾಲು ವಾಸಿ ಆಗುತ್ತಾ’ ಅನ್ನೋದಷ್ಟೇ ಅಲ್ಲ. ‘ಇದಕ್ಕಾಗಿ ಕಾಯುವವರು ಯಾರು’ ಅನ್ನೋದು.

ಆರ್.ಟಿ. ನಗರದಿಂದ ಅರಮನೆ ಮೈದಾನದ ಕಡೆಗೆ ಬನ್ನಿ. ಜೆ.ಸಿ. ನಗರದಲ್ಲಿ ಒಂದು ಸ್ಮಾರಕ ಇದೆ, ಮೈಸೂರು ಲ್ಯಾನ್ಸರ್ಸ್ ಸ್ಮಾರಕ. ಮೈಸೂರು ಸಂಸ್ಥಾನದ ಈ ಕುದುರೆ ಪಡೆ 1892ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಮೊದಲ ಮಹಾಯುದ್ಧ ಶುರುವಾದಾಗ, 1914ರಲ್ಲಿ, ಈ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ನಾಲ್ಕು ವರ್ಷ ಸೂಯೆಜ್ ಕಾಲುವೆ, ಸಿನಾಯ್ ಮರಳುಗಾಡು, ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಪಟ್ಟಣಕ್ಕೆ ನುಗ್ಗಿದರು. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಒಂದು ಕಡೆ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು, ಇನ್ನೊಂದು ಕಡೆ ಕೆಸರಿನ ನದಿ. ಸಂಜೆ ಹೊತ್ತಿಗೆ ಊರು ಇವರ ಕೈ ಸೇರಿತ್ತು. 1,350 ಮಂದಿ ಸೆರೆ ಸಿಕ್ಕರು. ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ ನಿಂತಿರೋ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ್’ ಅಂತ ಹೊಸ ಹೆಸರೂ ಬಂತು.

ಈ ಗೆಲುವಿನ ಕಥೆ ನೀವು ಕೇಳಿರಬಹುದು. ಇನ್ನೊಂದು ಲೆಕ್ಕ ಕೇಳಿ. ಆ ದಿನದ ಹೋರಾಟದಲ್ಲಿ ಸತ್ತ ಸೈನಿಕರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡದ್ದು 83. ಸವಾರ ಬದುಕಿದ್ದು ಯಾಕೆ ಅಂತ ಈ ಅಂಕಿಗಳೇ ಹೇಳ್ತವೆ. ಗುಂಡಿಗೆ ಮೊದಲು ಸಿಗೋದು ಕುದುರೆಯ ಎದೆ, ಕುದುರೆಯ ಕಾಲು.

ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಗಾಯಗೊಂಡ ಕುದುರೆಗೆ ಒಂದು ಪಕ್ಕಾ ವ್ಯವಸ್ಥೆ ಇತ್ತು. ರಣರಂಗದ ಹಿಂದೆಯೇ ಓಡಾಡೋ ಪಶುವೈದ್ಯ ತುಕಡಿ. ಅಲ್ಲಿಂದ ದೊಡ್ಡ ಆಸ್ಪತ್ರೆ. ಅದಾದ ಮೇಲೆ ಚೇತರಿಸಿಕೊಳ್ಳೋ ಕುದುರೆಗಳಿಗೇ ಬೇರೆ ಡಿಪೋ. ಫ್ರಾನ್ಸಿನ ಯುದ್ಧಭೂಮಿ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಪ್ರಾಣಿಗಳಿಗೆ ಚಿಕಿತ್ಸೆ ಕೊಟ್ಟು, 5 ಲಕ್ಷಕ್ಕೂ ಹೆಚ್ಚನ್ನು ಗುಣ ಮಾಡಿದರು. ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಆ ಚಿಕಿತ್ಸೆಯ ಹಿಂದೆ ಒಂದು ಲೆಕ್ಕ ಇತ್ತು: ಈ ಕುದುರೆ ಮತ್ತೆ ಕೆಲಸಕ್ಕೆ ಬರುತ್ತಾ? ಬರುತ್ತೆ ಅಂದ್ರೆ ಆಸ್ಪತ್ರೆ. ಬರಲ್ಲ ಅಂದ್ರೆ ಗುಂಡು. ಕಾಲಿನ ಮೂಳೆ ಮುರಿದಿದ್ದರೆ ಪ್ರಶ್ನೆಯನ್ನೇ ಕೇಳ್ತಿರಲಿಲ್ಲ.

ಯುದ್ಧ ಮುಗಿದ ದಿನ ಆ ಲೆಕ್ಕವೂ ಬದಲಾಯ್ತು. ಈಗ ಗುಣ ಆದ ಕುದುರೆಯೂ ಬೇಡ! ಈಜಿಪ್ಟ್‌ನಲ್ಲಿದ್ದ ಸೈನ್ಯದ ಸಾವಿರಾರು ಕುದುರೆಗಳನ್ನು ಅಲ್ಲೇ ಮಾರಿಬಿಟ್ಟರು. 1930ರಲ್ಲಿ ಡೊರೊಥಿ ಬ್ರೂಕ್ ಅನ್ನೋ ಇಂಗ್ಲಿಷ್ ಮಹಿಳೆ ಕೈರೋಗೆ ಬಂದಾಗ, ಬೀದಿಯಲ್ಲಿ ಕಲ್ಲುಗಾಡಿ ಎಳೀತಿದ್ದ ಮುದಿ ಕುದುರೆಗಳನ್ನು ಕಂಡರು. ಕುಂಟೋ ಕಾಲು, ಮೈಮೇಲೆ ಸೈನ್ಯದ ಗುರುತು. ಅವರು ಇಂಗ್ಲೆಂಡಿನ ಪತ್ರಿಕೆಗೆ ಪತ್ರ ಬರೆದು, ಬಂದ ಹಣದಲ್ಲಿ ಸುಮಾರು ಐದು ಸಾವಿರ ಹಳೇ ಯುದ್ಧಕುದುರೆಗಳನ್ನು ಕೊಂಡರು. ಬಹುಪಾಲು ಕುದುರೆಗಳು ಚೇತರಿಸಿಕೊಳ್ಳೋ ಹಂತ ದಾಟಿಹೋಗಿದ್ದವು. ಅವಕ್ಕೆ ಕೆಲವು ದಿನ ಹೊಟ್ಟೆ ತುಂಬ ಮೇವು, ನೆಲದ ಮೇಲೆ ಮೆತ್ತನೆ ಹುಲ್ಲು, ಆಮೇಲೆ ನೋವಿಲ್ಲದ ಸಾವು. 1934ರಲ್ಲಿ ಅವರು ಕೈರೋದಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು. ಅದೇ ಇವತ್ತಿನ ‘ಬ್ರೂಕ್’ ಸಂಸ್ಥೆ.

ಸರಿ, ಸೈನ್ಯ ಬಿಡಿ. ಊರೊಳಗಿನ ಕುದುರೆಯ ಕಥೆ ಏನು? ನಮ್ಮ ಅಜ್ಜ ಅಜ್ಜಿಯರ ಬೆಂಗಳೂರಲ್ಲಿ ರೈಲು ಇಳಿದರೆ ಹೊರಗೆ ನಿಂತಿರ್ತಿದ್ದದ್ದು ಆಟೊ ಅಲ್ಲ, ಜಟಕಾ. ಈಗ ಆ್ಯಪಲ್ಲಿ ಗಾಡಿ ಕರೆದು ನಿಲ್ತೀರಲ್ಲ, ಅಂಥ ಜಾಗದಲ್ಲಿ ಹಿಂದೆ ಕುದುರೆಯ ಗೊರಸಿನ ಸದ್ದು, ಹುಲ್ಲಿನ ವಾಸನೆ ಇರ್ತಿತ್ತು.

ಜಟಕಾ ಸಾಬಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವನ ಹತ್ತಿರ ಇರೋದು ಒಂದೇ ಕುದುರೆ. ದಿನದ ದುಡಿಮೆಯಲ್ಲಿ ಮೊದಲ ಪಾಲು ಕುದುರೆಯ ಹೊಟ್ಟೆಗೆ, ಉಳಿದದ್ದು ಮಕ್ಕಳ ಹೊಟ್ಟೆಗೆ. ಒಂದು ಬೆಳಿಗ್ಗೆ ಕುದುರೆ ಮುಂಗಾಲು ಎತ್ತಿ ಎತ್ತಿ ಇಡ್ತಾ ಇದೆ. ಮುಟ್ಟಿದರೆ ಕಾಲು ಬಿಸಿ, ಊದಿದೆ. ಏನು ಮಾಡಬೇಕು ಅಂತ ಅವನಿಗೆ ಗೊತ್ತಿಲ್ಲದೇ ಇಲ್ಲ. ತಣ್ಣೀರು ಹಾಕಬೇಕು, ಪಟ್ಟಿ ಕಟ್ಟಬೇಕು, ಗಾಡಿಗೆ ಕಟ್ಟಬಾರದು. ಆದರೆ ಗಾಡಿಗೆ ಕಟ್ಟದಿದ್ದರೆ ಸಂಜೆಗೆ ಹುರುಳಿ ಎಲ್ಲಿಂದ ಬರಬೇಕು? ಅವನು ಕುದುರೆಯನ್ನು ಪ್ರೀತಿಸಲ್ಲ ಅಂತಲ್ಲ. ಕುದುರೆಗಾಗಿ ಕಾಯೋ ಶಕ್ತಿ ಅವನಿಗಿರಲಿಲ್ಲ, ಯಾಕಂದ್ರೆ ಅವನಿಗಾಗಿ ಕಾಯೋರೂ ಯಾರೂ ಇರಲಿಲ್ಲ.

1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ: ರೋಗ, ಗಾಯ, ಹುಣ್ಣು ಇದ್ದು ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸೋದು ಅಪರಾಧ. ಸರಿಯಾದ ಕಾನೂನು. ಆದರೆ ದುಡಿಸಬೇಡ ಅಂತ ಹೇಳೋ ಕಾನೂನು, ಆ ತಿಂಗಳುಗಳ ಮೇವಿನ ಖರ್ಚು ಯಾರದು ಅಂತ ಹೇಳಲ್ಲ. ಗಾಡಿ ಎಳೆಯೋ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಮಕ್ಕಳನ್ನು ಕೂರಿಸಿ ಸುತ್ತಿಸೋ ಕುದುರೆ, ಇವೆಲ್ಲಾ ಇವತ್ತಿಗೂ ನಿಂತಿರೋದು ಈ ಬಿರುಕಿನಲ್ಲೇ.

ಈಗ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳಕ್ಕೆ ಬನ್ನಿ. ಇಲ್ಲಿರೋ ಪಶುವೈದ್ಯಕೀಯ ಕಾಲೇಜು ಶುರುವಾಗಿದ್ದು 1958ರಲ್ಲಿ. ಎಕ್ಸ್‌ರೇ ಮೂಳೆ ತೋರಿಸುತ್ತೆ, ಸ್ನಾಯುರಜ್ಜು ತೋರಿಸಲ್ಲ. ಹಾಗಾಗಿ ಬಹಳ ಕಾಲ ಡಾಕ್ಟರು ಬೆರಳಿಂದ ಮುಟ್ಟಿ, ಒತ್ತಿ, ಕುದುರೆ ನಡೆಯೋದನ್ನು ನೋಡಿ ಅಂದಾಜು ಮಾಡಬೇಕಿತ್ತು. 1980ರ ದಶಕದಲ್ಲಿ ಗರ್ಭಿಣಿಯರಿಗೆ ಮಾಡೋ ಅಲ್ಟ್ರಾಸೌಂಡ್ ಯಂತ್ರ ಕುದುರೆಯ ಕಾಲಿಗೂ ಬಂತು. ಒಳಗಿನ ಹರಿತ ಪರದೆ ಮೇಲೆ ಕಪ್ಪು ಕಲೆಯಾಗಿ ಕಾಣಿಸ್ತು. ಹೊರಗೆ ಊತ ಇಳಿದಿದ್ದರೂ ಒಳಗೆ ಇನ್ನೂ ಮಾಯ್ದಿಲ್ಲ ಅನ್ನೋದು ಕಣ್ಣಿಗೇ ಕಂಡಿತು. ಈ ಯಂತ್ರ ಕಾಯೋ ಕಾಲವನ್ನು ಕಮ್ಮಿ ಮಾಡಲಿಲ್ಲ. ‘ಇನ್ನೂ ಕಾಯಿ’ ಅಂತ ಸಾಕ್ಷಿ ಸಮೇತ ಹೇಳ್ತು, ಅಷ್ಟೇ.

ಮೂಳೆ ಮುರಿತದಲ್ಲೂ ಬದಲಾವಣೆ ಬಂತು. 1971ರ ಇಂಗ್ಲಿಷ್ ಡರ್ಬಿ ಗೆದ್ದ ಮಿಲ್ ರೀಫ್ ಅನ್ನೋ ಕುದುರೆ 1972ರಲ್ಲಿ ಅಭ್ಯಾಸದ ವೇಳೆ ಮುಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆ ಆಯ್ತು, ಪ್ಲಾಸ್ಟರ್ ಹಾಕಿದರು. ಅದು ಶಾಂತವಾಗಿ ನಿಂತಿತು. ಮತ್ತೆ ರೇಸ್ ಓಡಲಿಲ್ಲ, ಆದರೆ ಬದುಕಿತು. ಅದರ ಮಗ ಶರ್ಲಿ ಹೈಟ್ಸ್ 1978ರಲ್ಲಿ ಅದೇ ಡರ್ಬಿ ಗೆದ್ದ. ಇನ್ನೊಂದು ಕಡೆ ಅಮೆರಿಕದ ಬಾರ್ಬರೊ. 2006ರ ಮೇ ತಿಂಗಳಲ್ಲಿ ರೇಸಿನ ನಡುವೆ ಹಿಂಗಾಲು ಚೂರುಚೂರಾಯಿತು. ಒಳ್ಳೆಯ ಆಸ್ಪತ್ರೆ, ಒಳ್ಳೆಯ ಸರ್ಜನ್, ದುಡ್ಡಿಗೆ ಕೊರತೆ ಇಲ್ಲ. ಎಂಟು ತಿಂಗಳು ಹೋರಾಡಿದರು. ಕೊನೆಗೆ ಲ್ಯಾಮಿನೈಟಿಸ್. 2007ರ ಜನವರಿ 29ರಂದು ಅದಕ್ಕೆ ನೋವಿನಿಂದ ಮುಕ್ತಿ ಕೊಟ್ಟರು. ಅಂದ್ರೆ ಕಾಯೋರು ಇದ್ದರೂ ಕೆಲವೊಮ್ಮೆ ಕುದುರೆ ಉಳಿಯಲ್ಲ. ಕಾಯುವಿಕೆ ಒಂದು ಅವಕಾಶ, ಗ್ಯಾರಂಟಿ ಅಲ್ಲ.

ಈಗ ಯಲಹಂಕದ ಕಡೆಗೆ. 1996ರಲ್ಲಿ ಈ ಭಾಗದಲ್ಲಿ ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಶುರುವಾಯ್ತು. ಬೆಂಗಳೂರು ಹುಡುಗ ಫವಾದ್ ಮಿರ್ಜಾ ಹೆಸರು ಈ ಸಂಸ್ಥೆಯ ಜೊತೆ ಸೇರಿಕೊಂಡಿದೆ. ಅವರ ಅಪ್ಪ ಡಾ. ಹಸ್ನೇನ್ ಮಿರ್ಜಾ ಕುದುರೆಗಳ ವೈದ್ಯರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಫವಾದ್ ‘ಈವೆಂಟಿಂಗ್’ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ತಂಡಕ್ಕೂ ಬೆಳ್ಳಿ ಬಂತು. ಅವರನ್ನು ಹೊತ್ತ ಕುದುರೆಯ ಹೆಸರು ಸೆನ್ಯೂರ್ ಮೆಡಿಕಾಟ್.

ಪದಕದ ಫೋಟೊ ಎಲ್ಲರೂ ನೋಡಿದರು. ಆಮೇಲೆ ಆಗಿದ್ದು ಸುದ್ದಿ ಆಗಲಿಲ್ಲ. ಮೆಡಿಕಾಟ್ ಕಾಲಿಗೆ ಗಾಯ ಆಯ್ತು. ದೀರ್ಘ ಕಾಲ ಅದು ಸ್ಪರ್ಧೆಯಿಂದ ಹೊರಗೆ. 2019ರಲ್ಲಿ ಒಲಿಂಪಿಕ್ಸ್ ಅರ್ಹತೆಗೆ ಪಾಯಿಂಟ್ಸ್ ಬೇಕಿದ್ದಾಗ ಫವಾದ್ ಬೇರೆ ಕುದುರೆಗಳ ಮೇಲೆ ಕೂತು ಸಂಪಾದಿಸಿದರು. ಅಲ್ಲಿಗೆ ಹಳೇ ಕುದುರೆಯನ್ನು ಮರೆತುಬಿಡಬಹುದಿತ್ತು. ಮರೆಯಲಿಲ್ಲ.

ಇಂಥ ಕಾಯುವಿಕೆ ದಿನದ ಲೆಕ್ಕದಲ್ಲಿ ಹೇಗಿರುತ್ತೆ? ಸ್ನಾಯುರಜ್ಜು ಗಾಯ ಅಂದುಕೊಳ್ಳಿ. ಮೊದಲ ವಾರಗಳು ಲಾಯದಿಂದ ಹೊರಗೆ ಇಲ್ಲ. ತಣ್ಣೀರು, ಪಟ್ಟಿ, ಮತ್ತೆ ತಣ್ಣೀರು. ಓಡೋಕೇ ಹುಟ್ಟಿದ ಪ್ರಾಣಿ ನಾಲ್ಕು ಗೋಡೆ ನಡುವೆ ನಿಂತರೆ ತಲೆ ಕೆಡುತ್ತೆ. ಮೈಯನ್ನು ಆ ಕಡೆ ಈ ಕಡೆ ತೂಗುತ್ತೆ, ಮರದ ಬಾಗಿಲು ಕಡಿಯುತ್ತೆ. ಹಾಗಾಗಿ ಕಾಳು ಕಮ್ಮಿ ಮಾಡಿ ಹುಲ್ಲು ಹೆಚ್ಚು ಕೊಡ್ತಾರೆ. ಬಲೆ ಚೀಲದಲ್ಲಿ ಹುಲ್ಲು ಕಟ್ಟಿದರೆ ನಿಧಾನಕ್ಕೆ ಎಳೆದು ತಿನ್ನುತ್ತಾ ಹೊತ್ತು ಹೋಗುತ್ತೆ. ಪಕ್ಕದಲ್ಲಿ ಇನ್ನೊಂದು ಕುದುರೆ ಕಾಣಿಸೋ ಹಾಗೆ ನಿಲ್ಲಿಸ್ತಾರೆ. ರೇಸ್ ಲಾಯಗಳಲ್ಲಿ ಜೊತೆಗೆ ಒಂದು ಮೇಕೆ ಸಾಕೋದೂ ಉಂಟು. ಆಮೇಲೆ ಒಂದು ದಿನ ಡಾಕ್ಟರು ಹೇಳ್ತಾರೆ: ಕೈಯಲ್ಲಿ ಹಿಡಿದು ಐದು ನಿಮಿಷ ನಡೆಸಿ. ಬರೀ ಐದು ನಿಮಿಷ. ಕೆಲವು ದಿನ ಆದ ಮೇಲೆ ಹತ್ತು. ನಡುವೆ ಸ್ಕ್ಯಾನ್. ಸರಿ ಇದ್ದರೆ ತಿಂಗಳುಗಳ ನಂತರ ಮೆಲ್ಲನೆ ಓಟ. ಸರಿ ಇಲ್ಲದಿದ್ದರೆ ಮತ್ತೆ ಐದು ನಿಮಿಷಕ್ಕೆ ವಾಪಸ್.

ಈ ಐದು ನಿಮಿಷ ಅತ್ಯಂತ ಅಪಾಯದ ಹೊತ್ತು. ವಾರಗಟ್ಟಲೆ ಕೂಡಿಹಾಕಿದ ಕುದುರೆ ಹೊರಗಿನ ಗಾಳಿ ಸೋಕಿದ ತಕ್ಷಣ ಖುಷಿಗೆ ಒಮ್ಮೆ ನೆಗೆದರೆ ಸಾಕು, ಅಷ್ಟು ದಿನದ ಶ್ರಮ ನೀರುಪಾಲು. ಲಗಾಮು ಹಿಡಿದ ಸೈಸ್ ಮೈಯೆಲ್ಲಾ ಕಣ್ಣಾಗಿರಬೇಕು. ಪದಕದ ವೇದಿಕೆ ಮೇಲೆ ಅವನ ಹೆಸರು ಯಾರೂ ಕರೆಯಲ್ಲ. ಆದರೆ ಬೆಳಿಗ್ಗೆ ಮೊದಲು ಕಾಲು ಮುಟ್ಟಿ ಬಿಸಿ ಇದೆಯಾ ಅಂತ ನೋಡೋನು ಅವನೇ.

2020ರಲ್ಲಿ ಕೊರೊನಾ ಬಂತು, ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯ್ತು. ಜಗತ್ತಿನ ಕ್ರೀಡಾಪಟುಗಳಿಗೆ ಅದು ಆಘಾತ. ಗಾಯದಿಂದ ಎದ್ದು ಬರ್ತಿದ್ದ ಕುದುರೆಗೆ ಮಾತ್ರ ಕೇಳದೇ ಸಿಕ್ಕ ವರ. 2021ರಲ್ಲಿ ಫವಾದ್ ಮೊದಲು ಹೆಸರಿಸಿದ್ದು ದಜಾರಾ ಅನ್ನೋ ಇನ್ನೊಂದು ಕುದುರೆಯನ್ನು. ಕೊನೆಗೆ ಟೋಕಿಯೊಗೆ ಹೋಗಿದ್ದು ಮೆಡಿಕಾಟ್! ಇಪ್ಪತ್ತು ವರ್ಷಗಳ ನಂತರ ಒಲಿಂಪಿಕ್ಸ್ ಕುದುರೆ ಸವಾರಿಯಲ್ಲಿ ಭಾರತ. ಕ್ರಾಸ್‌ಕಂಟ್ರಿಯಲ್ಲಿ ಬೇಲಿ, ಹಳ್ಳ, ನೀರು ಎಲ್ಲಾ ದಾಟಿ, ಮೊದಲ 25 ಜನರ ಅಂತಿಮ ಸುತ್ತಿಗೆ ಬಂದು, 59.60 ಪೆನಾಲ್ಟಿ ಅಂಕದೊಂದಿಗೆ 23ನೇ ಸ್ಥಾನ. ಪದಕ ಇಲ್ಲ. ಆದರೆ ಕಾಲು ನೋವಾಗಿ ಲಾಯ ಸೇರಿದ್ದ ಕುದುರೆ ಅದು ಅಂತ ಗೊತ್ತಿದ್ದವರಿಗೆ ಆ 23 ಬೇರೆಯೇ ಅಂಕಿಯಾಗಿ ಕಾಣುತ್ತೆ.

ಒಪ್ಪಿಕೊಳ್ಳೋಣ, ಮೆಡಿಕಾಟ್ ಅದೃಷ್ಟದ ಕುದುರೆ. ಬೆನ್ನ ಹಿಂದೆ ಪ್ರಾಯೋಜಕರಿದ್ದರು, ಡಾಕ್ಟರಿದ್ದರು, ಬದಲಿ ಕುದುರೆಗಳಿದ್ದವು. ಹೈಫಾದ 83 ಕುದುರೆಗಳಿಗೆ ಸೈನ್ಯದ ಲೆಕ್ಕ ಇತ್ತು. ಜಟಕಾ ಕುದುರೆಗೆ ಒಬ್ಬ ಬಡವನ ಪ್ರೀತಿ ಮಾತ್ರ ಇತ್ತು. ಕಾಲು ಎಲ್ಲದರದ್ದೂ ಒಂದೇ ಥರ. ನೋವು ಒಂದೇ. ಮಾಯೋಕೆ ಬೇಕಾದ ತಿಂಗಳುಗಳೂ ಅಷ್ಟೇ. ಬೇರೆ ಆಗಿದ್ದು ಆ ತಿಂಗಳುಗಳನ್ನು ಕೊಡೋರು ಇದ್ದಾರಾ ಇಲ್ವಾ ಅನ್ನೋದು ಮಾತ್ರ.

ನಾವೇನು ಮಾಡಬಹುದು? ಸಣ್ಣದೊಂದು ಕೆಲಸ. ಮುಂದಿನ ಸಲ ಮದುವೆಯಲ್ಲೋ ಪ್ರವಾಸದಲ್ಲೋ ಕುದುರೆ ಕಂಡರೆ, ಸೆಲ್ಫಿಗೆ ಮುಂಚೆ ಅದರ ನಡಿಗೆ ನೋಡಿ. ಮುಂಗಾಲು ಕುಂಟುವ ಕುದುರೆ, ನೋವಿರೋ ಕಾಲು ನೆಲ ಮುಟ್ಟಿದಾಗ ತಲೆ ಮೇಲೆತ್ತುತ್ತೆ, ಒಳ್ಳೇ ಕಾಲು ಊರಿದಾಗ ತಗ್ಗಿಸುತ್ತೆ. ಹಾಗೆ ಕಂಡರೆ ಅದರ ಮೇಲೆ ಕೂರಬೇಡಿ. ಸಾಧ್ಯ ಆದರೆ ಅದರ ಯಜಮಾನನನ್ನು ಬೈಯೋ ಬದಲು, ಒಂದು ದಿನದ ಬಾಡಿಗೆಯನ್ನು ಸವಾರಿ ಮಾಡದೇ ಕೊಡಿ. ಆ ಕುದುರೆಗೆ ಒಂದು ದಿನ ಸಿಗುತ್ತೆ.

ಹಾಗೇ ಯಾವತ್ತಾದರೂ ಜೆ.ಸಿ. ನಗರದ ಕಡೆ ಹೋದರೆ ಆ ಸ್ಮಾರಕದ ಮುಂದೆ ಒಂದು ನಿಮಿಷ ನಿಲ್ಲಿ. ಅದು ಸತ್ತ ಸೈನಿಕರ ನೆನಪಿಗೆ ನಿಂತಿರೋದು. ಅವರನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋದ ಕಾಲುಗಳನ್ನೂ ನೆನೆಸಿಕೊಳ್ಳಿ.

ಈ ಕಂತು ಇಷ್ಟ ಆದರೆ ಗೆಳೆಯರಿಗೆ ಕಳಿಸಿ. ನಿಮ್ಮ ಮನೆಯಲ್ಲಿ ಜಟಕಾ ಕಾಲದ ನೆನಪು ಇರೋ ಹಿರಿಯರಿದ್ದರೆ ಅವರಿಗೂ ಕೇಳಿಸಿ, ಅವರು ಹೇಳೋದನ್ನ ರೆಕಾರ್ಡ್ ಮಾಡಿಟ್ಟುಕೊಳ್ಳಿ.